ಕೊಟ್ಟೆಯೆಂಬ ಮಾತು

ಮೂವತ್ತಾರು ವರ್ಷ ಹುಡುಗರಿಗೆ ಪಾಠ ಹೇಳಿ ನಿವೃತ್ತರಾದವರಿಗೆ ಒಂದು ರೋಗವುಂಟು. ತಿದ್ದುವುದಕ್ಕೆ ಎದುರಿಗೆ ಹುಡುಗರಿಲ್ಲದಿರುವಾಗ ಮನೆಮಂದಿಯ ಮಾತನ್ನೇ ತಿದ್ದುತ್ತ ಕುಳಿತುಕೊಳ್ಳುವುದು. ನಮಗೆ ಆ ರೋಗವು 2022ನೆಯ ಇಸವಿಯಲ್ಲಿ, ವಿಶ್ರಾಂತಿಯ ಮೊದಲ ತಿಂಗಳಿನಲ್ಲಿಯೇ ತಗುಲಿತು. ನಮ್ಮ ಗೃಹಿಣಿಯು ಇದಕ್ಕೆ ಔಷಧವಿಲ್ಲವೆಂದು ತಿಳಿದು ಸುಮ್ಮನಾದಳು. ಎಂಬತ್ತೈದು ದಾಟಿದ ನಮ್ಮ ತಾಯಿಯವರಿಗೆ ಕಿವಿ ಸ್ವಲ್ಪ ಮಂದವಾದುದರಿಂದ ಅವರು ಬಾಧೆಯಿಂದ ಪಾರಾದರು. ಸಿಕ್ಕಿಬಿದ್ದವಳು ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು.

2023ರ ಏಪ್ರಿಲಿನ ಮಾತು. ಮಗುವಿಗೆ ಆಗ ಆರು ವರ್ಷ. ಶಿರಸಿಯ ಪೇಟೆಯಿಂದ ನಾವು ತಂದ ಸಾಮಾನನ್ನು ಜಗಲಿಯ ಮೇಲೆ ಇಳಿಸುತ್ತಿದ್ದಾಗ ಅವಳು ಓಡಿಬಂದು, “ಅಜ್ಜಾ, ಆ ಕವರು ನನಗೆ ಕೊಡು” ಎಂದಳು. ನಾವು ಅತ್ತಿತ್ತ ನೋಡಿದೆವು. ಟಪಾಲು ಯಾವುದೂ ಬಂದಿರಲಿಲ್ಲ. ನಮ್ಮ ಬಾಲ್ಯದಲ್ಲಿ ಕವರು ಎಂದರೆ ಅಂಚೆಯ ಲಕೋಟೆ; ‘ಕಾರ್ಡು ಬರೆದರೆ ಸಾಕೋ, ಕವರು ಹಾಕಬೇಕೋ’ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಮಗು ಕೇಳುತ್ತಿದ್ದುದಾದರೋ ದ್ರಾಕ್ಷಿಯನ್ನು ಕಟ್ಟಿಕೊಟ್ಟಿದ್ದ ತೆಳುವಾದ ಪ್ಲಾಸ್ಟಿಕ್ಕಿನ ಸಣ್ಣ ಚೀಲವನ್ನು.

“ಕವರಲ್ಲ ಮಗು, ಕೊಟ್ಟೆ” ಎಂದೆವು.

“ಕೊಟ್ಟೆ” ಎಂದು ಅವಳು ನಾಲಿಗೆಯನ್ನು ಅಂಗಳಕ್ಕೆ ತಾಗಿಸಿ ಎರಡು ಬಾರಿ ಹೇಳಿದಳು. ಒತ್ತಕ್ಷರವು ಶುದ್ಧವಾಗಿ ಬಂದುದನ್ನು ಕೇಳಿ ನಮಗಾದ ಸಂತೋಷವು ಸಣ್ಣದಲ್ಲ.

ಈ ಮಾತು ಕನ್ನಡ ನಾಡಿನ ಎಲ್ಲ ಕಡೆಯೂ ಈ ಅರ್ಥದಲ್ಲಿ ನಡೆಯತಕ್ಕದ್ದಲ್ಲವೆಂದು ಬಯಲುಸೀಮೆಯ ವಾಚಕರಿಗಾಗಿ ಹೇಳಬೇಕಾಗಿದೆ. ಬೆಂಗಳೂರು ಮೈಸೂರುಗಳಲ್ಲಿ ಅಂಗಡಿಯವನನ್ನು ಕವರು ಕೇಳುತ್ತಾರೆ. ಹುಬ್ಬಳ್ಳಿಯ ಕಡೆ ಕ್ಯಾರಿಬ್ಯಾಗು ಎನ್ನುತ್ತಾರೆ. ಮಂಗಳೂರಿನ ಸುತ್ತಮುತ್ತ ಅದೇ ವಸ್ತುವಿಗೆ ತೊಟ್ಟೆಯೆಂಬ ಹೆಸರು. ನಮ್ಮ ಉತ್ತರ ಕನ್ನಡದಲ್ಲಿಯೂ ಅದಕ್ಕೆ ಹೊಂದಿದ ಮಲೆನಾಡಿನಲ್ಲಿಯೂ ಅದು ಕೊಟ್ಟೆ. ಹಾಲಿನ ಕೊಟ್ಟೆ, ಮೊಸರಿನ ಕೊಟ್ಟೆ, ಸಸಿಯ ಕೊಟ್ಟೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟ ನಿಲ್ಲುವವರೆಗೂ ಎಷ್ಟೋ ಬಡವರ ಮನೆಗಳನ್ನು ನುಂಗಿದ ದ್ರವಕ್ಕೂ ಕೊಟ್ಟೆಸಾರಾಯಿ ಎಂಬ ಹೆಸರೇ ಇದ್ದಿತು. ಇಷ್ಟೆಲ್ಲ ಕಡೆ ಓಡಾಡುವ ಈ ಮಾತು ಪ್ಲಾಸ್ಟಿಕ್ಕಿನೊಡನೆ ಹುಟ್ಟಿದುದಲ್ಲ; ಅದಕ್ಕಿಂತ ಬಹು ಹಳೆಯದು.

ಕೊಟ್ಟೆಯೆಂದರೆ ಮೂಲದಲ್ಲಿ ಎಲೆಯನ್ನು ಮಡಿಸಿ ಮಾಡಿದ ಪಾತ್ರೆ. ನಮ್ಮ ತಾಯಿಯವರು ಕೊಟ್ಟೆಯನ್ನು ಕಟ್ಟುವ ಬಗೆಯನ್ನು ನೋಡಿಯೇ ತಿಳಿಯಬೇಕು. ಹಲಸಿನ ನಾಲ್ಕು ಎಲೆಗಳನ್ನು ತುದಿಗಳು ಒಂದರ ಮೇಲೊಂದು ಬರುವಂತೆ ಶಿಲುಬೆಯಾಕಾರದಲ್ಲಿ ಇಟ್ಟು, ಪಕ್ಕದ ಎಲೆಗೆ ಪಕ್ಕದ ಎಲೆಯನ್ನು ಎತ್ತಿ ಸೇರಿಸಿ, ತೆಂಗಿನ ಗರಿಯ ಕಡ್ಡಿಯ ಚೂರನ್ನು ಚುಚ್ಚುತ್ತಾರೆ. ನಾಲ್ಕು ಕಡ್ಡಿಗಳಿಗೆ ಪಾತ್ರೆ ಸಿದ್ಧ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕೊಟ್ಟೆಕಡುಬು; ಎಲೆಯನ್ನು ಬಿಡಿಸುವಾಗ ಬರುವ ಪರಿಮಳವನ್ನು ಸ್ಟೀಲಿನ ತಟ್ಟೆಯಲ್ಲಿ ಬೆಂದ ಇಡ್ಡಲಿಯು ಏಳು ಜನ್ಮವೆತ್ತಿದರೂ ಪಡೆಯಲಾರದು. ಬಾಳೆಯೆಲೆಯದಾದರೆ ಅದನ್ನು ಮೊದಲು ಕೆಂಡದ ಮೇಲೆ ಬಾಡಿಸಬೇಕು. ಹಸಿಯೆಲೆಯು ಮಡಿಸಿದಲ್ಲಿ ಸೀಳುತ್ತದೆ. ಬಾಡಿಸಿದ್ದು ಬಟ್ಟೆಯಂತೆ ಬಗ್ಗುತ್ತದೆ. ಅಡಿಕೆಯ ಹಾಳೆಯನ್ನು ನೆನೆಸಿ ಮಡಿಸಿ ಎರಡು ತುದಿಗಳನ್ನೂ ಕಟ್ಟಿದರೆ ನೀರು ನಿಲ್ಲುವ ಹಾಳೆಕೊಟ್ಟೆಯಾಗುತ್ತದೆ. ಒಂದರಲ್ಲಿಯೂ ಮೊಳೆಯಿಲ್ಲ, ದಾರವೂ ಬೇಕೆಂದಿಲ್ಲ, ತೊಳೆದಿಡುವ ಕಷ್ಟವಂತೂ ಇಲ್ಲವೇ ಇಲ್ಲ. ಉಂಡಾದ ಮೇಲೆ ಕೊಟ್ಟೆಯು ಆಕಳ ಮುಂದಕ್ಕೋ ಗೊಬ್ಬರಗುಂಡಿಗೋ ಹೋಗುವುದು. ಮನೆಗೆ ಬಂದ ಸೊಸೆಗೆ ಮೊದಲ ದಿನ ತಿಳಿಯಬೇಕಾದ ನಿಯಮಗಳಲ್ಲಿ ಇದೂ ಒಂದಾಗಿತ್ತು.

ಇನ್ನೊಂದು ಕೊಟ್ಟೆಯು ತೋಟದ್ದು. ಮಲೆನಾಡಿನ ಅಡಿಕೆಯ ಬೆಳೆಗಾರನಿಗೆ ಮಳೆಗಾಲದಲ್ಲಿ ಕೊಳೆರೋಗದ ಭಯ ಯಾವಾಗಲೂ ಇದ್ದುದೇ. ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಎಳೆಯ ಕಾಯಿಗಳು ನೀರುಗಲೆಯಾಗಿ ಉದುರಿ, ವರ್ಷದ ಅನ್ನವು ಬುಡದಲ್ಲಿ ಬಿದ್ದಿರುತ್ತದೆ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬ ಲೆಕ್ಕವು ಇಂದಿಗೂ ನಡೆಯುತ್ತಿದೆ. ಆದರೆ ನಮ್ಮ ತಂದೆಯವರಿಗೆ ಕೊಟ್ಟೆಯ ಮೇಲೆಯೇ ಹೆಚ್ಚು ವಿಶ್ವಾಸ. ಬೇಣದಿಂದ ಕರಡದ ಹುಲ್ಲನ್ನು ಕೊಯ್ದು ತಂದು, ಅದನ್ನು ಹೆಣೆದು ಕೊನೆಗೆ ತೊಡಿಸುವ ಗೊರಬಿನಂಥ ಹೊದಿಕೆಯನ್ನು ಮಾಡುವರು. ಮಳೆ ಹಿಡಿಯುವುದಕ್ಕೆ ಮೊದಲು ಕೊನೆಗೌಡನು ಕಾಲಿಗೆ ತಳೆ ಹಾಕಿ ಮರವೇರಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುವನು. ಕೆಳಗೆ ನಿಂತು ಎಣಿಸುವ ಕೆಲಸ ನಮ್ಮದು. ನಾವು ನೂರರವರೆಗೆ ಎಣಿಸುವುದನ್ನು ಕಲಿತದ್ದು ಶಾಲೆಯಲ್ಲಲ್ಲ, ಆ ಮರಗಳ ಬುಡದಲ್ಲಿ. ಕೊಯ್ಲಿನಲ್ಲಿ ಕೊನೆ ಇಳಿಯುವಾಗ ಹಳೆಯ ಕೊಟ್ಟೆಯು ಕಪ್ಪಾಗಿ ಜೀರ್ಣವಾಗಿ ಮರದ ಬುಡದಲ್ಲಿ ಬೀಳುತ್ತಿತ್ತು. ಅದನ್ನು ಹೆಕ್ಕಬೇಕೆಂದು ಯಾರೂ ಹೇಳಲಿಲ್ಲ.

1980ರ ಈಚೆಗೆ, ನಾವು ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ, ತೋಟಕ್ಕೆ ಪಾರದರ್ಶಕವಾದ ಕೊಟ್ಟೆಯು ಬಂದಿತು. ಹಗುರ, ಅಗ್ಗ, ಹೆಣೆಯುವ ಕೂಲಿಯಿಲ್ಲ. ಕೊನೆಯು ಒಳಗೆ ಇರುವುದು ಕೆಳಗಿನಿಂದಲೇ ಕಾಣುತ್ತದೆ. ತಂದೆಯವರು ಮೊದಲು ಮೂಗು ಮುರಿದರು; ಮರುವರ್ಷ ತಾವೇ ಪೇಟೆಗೆ ಹೋಗಿ ತಂದರು. ಅದಕ್ಕೆ ಹೊಸ ಹೆಸರನ್ನು ಯಾರೂ ಹುಡುಕಲಿಲ್ಲ. ಕೊನೆಗೆ ಕಟ್ಟುವುದು ಯಾವುದೋ ಅದು ಕೊಟ್ಟೆ, ಕರಡವಾದರೇನು, ಪ್ಲಾಸ್ಟಿಕ್ಕಾದರೇನು? ತೋಟದಿಂದ ಆ ಮಾತು ಅಡುಗೆಮನೆಗೆ ಹತ್ತಿತೋ ಅಂಗಡಿಯಿಂದ ತೋಟಕ್ಕೆ ಇಳಿಯಿತೋ, ಅಂತೂ ಕೆಲವೇ ವರ್ಷಗಳಲ್ಲಿ ಕೊಟ್ಟೆಯೆಂದರೆ ಮೊದಲು ಕಣ್ಣಿಗೆ ಕಟ್ಟುವುದು ಎಲೆಯಲ್ಲವೆಂಬಂತಾಯಿತು. ವಸ್ತುವಾದರೋ ನಮಗಿಂತ ಹಿರಿಯದು. ಇಂಗ್ಲೆಂಡಿನ ಒಂದು ರಸಾಯನ ಸಂಸ್ಥೆಯಲ್ಲಿ 1933ರಲ್ಲಿ ಬೇರೊಂದನ್ನು ಹುಡುಕುತ್ತಿದ್ದವರ ಪಾತ್ರೆಯಲ್ಲಿ ಮೇಣದಂಥ ಬಿಳಿಯ ಪದಾರ್ಥವೊಂದು ಅಕಸ್ಮಾತ್ತಾಗಿ ಉಳಿದಿತ್ತಂತೆ, ಅದೇ ಪಾಲಿಥೀನು. ಸ್ವೀಡನ್ ದೇಶದ ಎಂಜಿನಿಯರೊಬ್ಬರು ಹಿಡಿಕೆಯುಳ್ಳ ಅಖಂಡವಾದ ಚೀಲವನ್ನು ಅದರಿಂದ ರಚಿಸಿ 1965ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅದು ಸ್ವೀಡನ್ನಿನಿಂದ ಶಿರಸಿಗೆ ಬರುವಷ್ಟರಲ್ಲಿ ತನ್ನ ಹೆಸರನ್ನು ಕಳೆದುಕೊಂಡು ನಮ್ಮ ಎಲೆಯ ಹೆಸರನ್ನು ಹೊದ್ದುಕೊಂಡಿತು.

ಇದರಲ್ಲಿ ನಾವು ಯಾವ ಕೇಡನ್ನೂ ಕಾಣಲಿಲ್ಲ. ಕೇಡೇಕೆ, ಹೆಮ್ಮೆಯನ್ನೇ ಕಂಡೆವು. ಪರಕೀಯ ವಸ್ತುವು ಬಂದಾಗ ಪರಕೀಯ ಹೆಸರಿಗೆ ಕೈಯೊಡ್ಡದೆ ನಮ್ಮ ಹಳ್ಳಿಯ ಹೆಂಗಸರು ಮನೆಯ ಮಾತನ್ನೇ ಕೊಟ್ಟು ಅದನ್ನು ಆಳಿದರೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಶಾಸ್ತ್ರದ ಬೆಂಬಲವೂ ಇದ್ದಿತು. ದರ್ಭೆಯನ್ನು ಕೊಯ್ದು ತರುವವನು ಕುಶಲ. ಕೈ ಕೊಯ್ದುಕೊಳ್ಳದೆ ತರುವುದಕ್ಕೆ ಜಾಣತನ ಬೇಕಾದುದರಿಂದ ಜಾಣರೆಲ್ಲರೂ ಕುಶಲರಾದರು. ವೀಣೆಯಲ್ಲಿ ನುರಿತವನು ಪ್ರವೀಣ. ಈಗ ವೀಣೆಯನ್ನು ಮುಟ್ಟದವನೂ ಪ್ರವೀಣನೇ. ತಿಲದಿಂದ ಬಂದುದು ತೈಲ. ಕನ್ನಡದಲ್ಲಿಯೂ ಎಳ್ಳಿನ ನೆಯ್ಯೇ ಎಣ್ಣೆ. ಆದರೂ ಸೀಮೆಎಣ್ಣೆಯಲ್ಲಿ ಎಳ್ಳನ್ನು ಹುಡುಕುವ ಮೂಢನುಂಟೆ? ಎಲೆಯ ವಿಷಯದಲ್ಲಂತೂ ನಮ್ಮ ಭಾಷೆಯು ಬಹಳ ಉದಾರಿ. ಪತ್ರವೆಂದರೆ ಎಲೆ, ಅದು ಕಾಗದವಾಯಿತು. ಓಲೆಯು ತಾಳೆಯ ಗರಿ. ಅದು ಬರೆದ ಪತ್ರವಾಯಿತು. ಅಡಿಕೆಯ ಹಾಳೆಯು ಪುಸ್ತಕದ ಹಾಳೆಯಾಯಿತು. ಪುಟವೆಂದರೆ ಸಂಸ್ಕೃತದಲ್ಲಿ ಮಡಿಕೆ, ಎಲೆಯ ದೊನ್ನೆ. ವಾಚಕರು ಈಗ ಓದುತ್ತಿರುವ ಈ ಪುಟವೂ ಒಂದು ಬಗೆಯಲ್ಲಿ ದೊನ್ನೆಯೇ. ಹಾಗಿರುವಾಗ ಎಲೆಯ ಕೊಟ್ಟೆಯು ಪ್ಲಾಸ್ಟಿಕ್ಕಿನ ಕೊಟ್ಟೆಯಾದರೆ ವಿಶೇಷವೇನು? ಹೀಗೆಂದು ನಾವು ಹೇಳುವಾಗ ಕೊನೆಯ ಬೆಂಚಿನ ಹುಡುಗರೂ ತಲೆಯಾಡಿಸುತ್ತಿದ್ದರು.

ಇಷ್ಟರ ನಡುವೆ ಪೇಟೆಯಲ್ಲಿ ಒಂದು ವಿನೋದವನ್ನು ಕಾಣುತ್ತಿದ್ದೆವು. ಪ್ಲಾಸ್ಟಿಕ್ಕಿನ ಕೈಚೀಲಗಳನ್ನು ನಮ್ಮ ಸರಕಾರವು 2016ರಲ್ಲಿ ನಿಷೇಧಿಸಿತು. ಕೇಂದ್ರ ಸರಕಾರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲವು ದೇಶದಲ್ಲೆಲ್ಲಿಯೂ ಸಲ್ಲದು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅಂಗಡಿಯ ಗೋಡೆಯ ಮೇಲೆ ‘ಪ್ಲಾಸ್ಟಿಕ್ ಚೀಲ ನಿಷೇಧಿಸಲಾಗಿದೆ’ ಎಂಬ ಬರಹ. ಅದರ ಕೆಳಗೆ ನಿಂತ ಗಿರಾಕಿಯು, “ಪ್ಲಾಸ್ಟಿಕ್ ಬೇಡ ಸ್ವಾಮಿ, ಒಂದು ಕೊಟ್ಟೆ ಕೊಡಿ, ಸಾಕು” ಎನ್ನುವುದು. ಕೇಳುವವನ ಮನಸ್ಸಿನಲ್ಲಿ ಕಪಟವಿರಲಿಲ್ಲವೆಂದು ನಾವು ಪ್ರಮಾಣ ಮಾಡಿ ಹೇಳಬಲ್ಲೆವು. ನಿಷೇಧವಾದುದು ಪ್ಲಾಸ್ಟಿಕ್ಕು, ಕೊಟ್ಟೆಯು ನಮ್ಮ ಮನೆಯ ಕೂಸು. ಇದನ್ನು ನೋಡಿ ನಕ್ಕು ಮನೆಗೆ ಬರುತ್ತಿದ್ದೆವೇ ಹೊರತು ಅದರ ಅರ್ಥವನ್ನು ಕುರಿತು ಯೋಚಿಸಲಿಲ್ಲ. ಶಬ್ದಾರ್ಥವನ್ನು ಮೂವತ್ತಾರು ವರ್ಷ ಪಾಠ ಹೇಳಿದವರು!

ಮೊಮ್ಮಗಳು ಬಂದ ಮರುವಾರ ಮನೆಯಲ್ಲಿ ಸತ್ಯನಾರಾಯಣ ವ್ರತವಾಯಿತು. ಪ್ರಸಾದವನ್ನು ಬಾಳೆಯ ಕೊಟ್ಟೆಗಳಲ್ಲಿ ಹಂಚಿದೆವು. ಹೂವು, ಹಣ್ಣು, ಮೊಸರು, ಬೂಂದಿಕಾಳುಗಳು ಪೇಟೆಯ ಕೊಟ್ಟೆಗಳಲ್ಲಿ ಬಂದಿದ್ದುವು. ಸಂಜೆ ನೆಂಟರು ಹೋದ ಮೇಲೆ ತಾಯಿಯವರು ಹಾಸಿಗೆಯಲ್ಲಿ ಕುಳಿತೇ, “ಕೂಸೇ, ಆ ಕೊಟ್ಟೆಯನ್ನೆಲ್ಲ ಒಟ್ಟುಮಾಡಿ ಆಕಳ ಮುಂದೆ ಹಾಕಿ ಬಾ” ಎಂದರು. ಮಗುವಿಗೆ ಹೊಸ ಮಾತು ಕಲಿತ ಉತ್ಸಾಹ. ಒಳಗಿದ್ದ ಕೊಟ್ಟೆಗಳನ್ನೆಲ್ಲ, ಒಂದನ್ನೂ ಬಿಡದೆ, ಮಡಿಲಿನಲ್ಲಿ ತುಂಬಿಕೊಂಡು ಮೂರು ಬಾರಿ ಕೊಟ್ಟಿಗೆಗೆ ನಡೆದಳು. ಜಗಲಿಯಲ್ಲಿ ಕುಳಿತಿದ್ದ ನಾವು ಅವಳು ಓಡಾಡುವುದನ್ನು ನೋಡಿದೆವು. ಪಟ್ಟಣದ ಮಗು ಮನೆಯ ರೀತಿಯನ್ನು ಕಲಿಯುತ್ತಿದೆಯೆಂದು ಸಂತೋಷಪಟ್ಟೆವು.

ಕೆಂಪಿಯು ಮಲೆನಾಡು ಗಿಡ್ಡ ತಳಿಯ ಆಕಳು. ಕುಳ್ಳು, ಕೆಂಬಣ್ಣ, ದಿನಕ್ಕೆ ಎರಡು ಸೇರಿನ ಒಳಗೆ ಹಾಲು. ನಾಲ್ಕನೆಯ ದಿನ ಅದು ಮೆಲುಕು ಹಾಕುವುದನ್ನು ನಿಲ್ಲಿಸಿತು. ಎಡಪಕ್ಕೆ ತಮಟೆಯಂತೆ ಬಿಗಿಯಿತು. ಹಿಂಗು, ಓಮ, ಎಣ್ಣೆ ಎಂದು ಮನೆಯ ಮದ್ದುಗಳಲ್ಲಿ ಒಂದು ದಿನ ಕಳೆದೆವು. ಬಂದ ಪಶುವೈದ್ಯರು ಕಿವಿಯಿಟ್ಟು ಕೇಳಿ, ಕೈಯಿಂದ ಒತ್ತಿ ನೋಡಿ, ಕೊಯ್ಯದೆ ಗತಿಯಿಲ್ಲವೆಂದರು. ಆಕಳಿಗೆ ಮೇಲಿನ ಸಾಲಿನಲ್ಲಿ ಮುಂಗಡೆಯ ಹಲ್ಲಿಲ್ಲ. ಅದು ನಾಲಿಗೆಯಿಂದ ಸೆಳೆದು ನುಂಗಿಬಿಡುತ್ತದೆ, ಆರಿಸಿ ತಿನ್ನಲಾರದು. ಉಪ್ಪಿನ ರುಚಿಯೋ ಅನ್ನದ ವಾಸನೆಯೋ ಹತ್ತಿದ ಕೊಟ್ಟೆಯು ಅನ್ನದ ಜೊತೆಗೇ ಮೊದಲ ಹೊಟ್ಟೆಗೆ ಇಳಿಯುತ್ತದೆ. ಇಳಿದುದು ಕರಗುವುದಿಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಮತ್ತೆ ಬಂದುದರೊಡನೆ ಸುತ್ತಿಕೊಂಡು ಉಂಡೆಯಾಗುತ್ತದೆ. ಇದನ್ನೆಲ್ಲ ಅವರು ಕೈಗೆ ಸೋಪು ಹಚ್ಚಿಕೊಳ್ಳುತ್ತ ಹೇಳಿದರು.

ಕೆಂಪಿ ನಿಂತಿದ್ದಂತೆಯೇ, ಪಕ್ಕೆಗೆ ಜಡತೆಯ ಮದ್ದು ಚುಚ್ಚಿ, ಕೊಯ್ದರು. ನಾವು ಕೊರಳ ಹಗ್ಗ ಹಿಡಿದಿದ್ದೆವು. ತೋಳಿನವರೆಗೆ ಕೈಯನ್ನು ಇಳಿಸಿ ಅವರು ಹೊರಗೆ ತೆಗೆದುದು ಗೊಬ್ಬರ ಹೊರುವ ಬುಟ್ಟಿ ತುಂಬಿತು. ಮಗುವು ಮೊನ್ನೆ ಹಾಕಿದ ಕೊಟ್ಟೆಗಳು ಮೇಲೆಯೇ ಇದ್ದುವು, ಐದೋ ಆರೋ. ಉಳಿದುವೆಲ್ಲ ಹಳೆಯವು, ಹಗ್ಗದಂತೆ ಹುರಿಗೊಂಡವು. “ಇದು ಒಂದು ದಿನದ ಕೆಲಸವಲ್ಲ ಮಾಸ್ತರರೇ, ವರ್ಷಗಳದ್ದು” ಎಂದರು ವೈದ್ಯರು. ಮಗುವು ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದುದನ್ನು ಅವರು ಗಮನಿಸಿ ಆ ಮಾತನ್ನು ಗಟ್ಟಿಯಾಗಿಯೇ ಹೇಳಿದರೆಂದು ತೋರುತ್ತದೆ. ಅವರಿಗೆ ನಾವು ಋಣಿಗಳು.

ಬುಟ್ಟಿಯನ್ನು ಬಾವಿಕಟ್ಟೆಯ ಬಳಿ ಇಟ್ಟು ನೀರು ಹೊಯ್ದು ನೋಡಿದೆವು. ಹಾಲಿನ ಕೊಟ್ಟೆ, ಉಪ್ಪಿನ ಕೊಟ್ಟೆ, ಅಡಿಕೆಯ ಕೊನೆಗೆ ಕಟ್ಟಿದ ಕೊಟ್ಟೆಯ ಹರಕು. ಅವುಗಳ ನಡುವೆ ಹಸುರು ಬಣ್ಣದ ಸಣ್ಣದೊಂದು ಕೊಟ್ಟೆಯು ನೀರು ಬಿದ್ದೊಡನೆ ಬಿಚ್ಚಿಕೊಂಡಿತು. 2019ರಲ್ಲಿ ನಮ್ಮ ಅಣ್ಣನ ಮಗಳ ಮದುವೆಯಲ್ಲಿ ತಾಂಬೂಲದೊಡನೆ ಸಿಹಿ ಹಂಚಿದ ಕೊಟ್ಟೆ ಅದು. ಅಂದು ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಲು ಹೊರಟವರನ್ನು ತಡೆದು ‘ಶುಭಂ ಭವತು’ ಎಂದು ಬರೆದುಕೊಟ್ಟವರು ನಾವೇ. ಅಚ್ಚಿನವನು ಭಕಾರಕ್ಕೆ ಬಕಾರವನ್ನು ಹಾಕಿದ್ದನ್ನು ಎರಡು ಬಾರಿ ತಿದ್ದಿ ಕಳಿಸಿದ್ದೆವು. ನಾಲ್ಕು ವರ್ಷ ಕಳೆದಿತ್ತು. ಒಂದು ಅಕ್ಷರವೂ ಅಳಿಸಿರಲಿಲ್ಲ. ಮಹಾಪ್ರಾಣದ ಸೀಳು ಸಹ ಸ್ಪಷ್ಟವಾಗಿತ್ತು.

ಮೂರನೆಯ ದಿನ ಬೆಳಗಿನ ಜಾವ ಕೆಂಪಿ ಸತ್ತಿತು.

ತೋಟದ ಮೂಲೆಯಲ್ಲಿ ಗುಂಡಿ ತೆಗೆಸಿದೆವು. ಎರಡು ಅಡಿ ಇಳಿಯುವಷ್ಟರಲ್ಲಿ ಗುದ್ದಲಿಗೆ ಏನೋ ಸಿಕ್ಕಿ ಜಾರಿತು. ಎಳೆದರೆ ಸಸಿಯ ಕರಿಯ ಕೊಟ್ಟೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಪ್ಪತ್ತು ವರ್ಷಗಳ ಹಿಂದೆ ಆ ಮೂಲೆಯಲ್ಲಿ ಅಡಿಕೆಯ ಸಸಿಗಳನ್ನು ನೆಡಿಸಿ, ಬಿಚ್ಚಿದ ಕೊಟ್ಟೆಗಳನ್ನು ಮಣ್ಣಿಗೆ ಸೇರಲೆಂದು ಅಲ್ಲಿಯೇ ತುಳಿಸಿದ್ದೆವು. ಮಡಿಕೆಯ ಗೆರೆ, ನೀರಿಳಿಯಲು ಚುಚ್ಚಿದ ತೂತುಗಳು, ಎಲ್ಲವೂ ನಿನ್ನೆ ತಂದಂತೆ ಇದ್ದುವು. ತಂದೆಯವರ ಕಾಲದಲ್ಲಿ ಕರಡದ ಕೊಟ್ಟೆಗಳು ಬೀಳುತ್ತಿದ್ದುದೂ ಅದೇ ಮಣ್ಣಿನ ಮೇಲೆ. ಅವುಗಳ ಒಂದು ಎಳೆಯನ್ನೂ ನಾವು ಕಾಣಲಿಲ್ಲ.

ಆಮೇಲೆ ತಾಯಿಯವರ ಸಂಗಡ ಮಾತನಾಡುವುದು ಕಷ್ಟವಾಯಿತು. “ನಾನು ಹೇಳಿದ್ದು ಎಲೆಯನ್ನು, ಎಲೆಯನ್ನು” ಎಂದು ಅವರು ಎಷ್ಟೋ ದಿನ ಒಂದೇ ಮಾತನ್ನು ಹೇಳಿದರು. ಅವರು ಹೇಳಿದ್ದು ಎಲೆಯನ್ನೇ. ಮಗುವು ಮಾಡಿದ್ದೂ ಹೇಳಿದುದನ್ನೇ. ನಮ್ಮ ಮನೆಯ ಹೆಂಗಸರು ಹತ್ತಾರು ವರ್ಷ ಮುಸುರೆಯ ಕೊಟ್ಟೆಗಳನ್ನು ಗೊಬ್ಬರಗುಂಡಿಗೆ ಎಸೆದುದೂ, ಕೊಟ್ಟೆಯು ಹೋಗಬೇಕಾದ ಜಾಗ ಅದೇ ಎಂಬ ಹಳೆಯ ನಿಯಮದಂತೆ. ಹೆಸರು ಬಂದಾಗ ಹೆಸರಿನ ಜೊತೆಗೆ ಅದಕ್ಕೆ ಸಲ್ಲುತ್ತಿದ್ದ ಅಪ್ಪಣೆಯೂ ಬಂದಿತ್ತು. ತೈಲಕ್ಕೂ ಕುಶಲಕ್ಕೂ ಹೀಗೆ ಆಗದಿದ್ದುದಕ್ಕೆ ಕಾರಣವುಂಟು: ಸೀಮೆಎಣ್ಣೆಯನ್ನು ಯಾರೂ ಒಗ್ಗರಣೆಗೆ ಹಾಕಲಿಲ್ಲ, ವಾಸನೆಯೇ ತಡೆಯಿತು. ಓಲೆಯು ಹೋಗಿ ಕಾಗದ ಬಂದಾಗ ಆಕಳು ಕಾಗದವನ್ನು ತಿಂದರೂ ಅದು ಹೇಗೋ ಅರಗುತ್ತಿತ್ತು. ಇಲ್ಲಿ ತಡೆಯುವುದು ಯಾವುದೂ ಇರಲಿಲ್ಲ, ಒಂದು ಮಾತಿನ ಹೊರತು. ಆ ಮಾತನ್ನು ನಾವು ಕೈಬಿಟ್ಟಿದ್ದೆವು, ಅದೂ ಅಭಿಮಾನದಿಂದ.

ಹೊಸ ಹೆಸರನ್ನು ಕೊಡಬೇಕೆಂದು ಹೊರಟೆವು. ಅಮರಕೋಶವನ್ನು ಮಗ್ಗುಲಲ್ಲಿಟ್ಟುಕೊಂಡು ಎರಡು ದಿನ ಕುಳಿತು ‘ಕೃತಕಪುಟ’ವೆಂಬ ಶಬ್ದವನ್ನು ರಚಿಸಿ ಊಟದ ಹೊತ್ತಿನಲ್ಲಿ ಪ್ರಕಟಿಸಿದೆವು. ಗೃಹಿಣಿಯು ಸಾರು ಬಡಿಸುತ್ತ, “ಅಂಗಡಿಯಲ್ಲಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ” ಎಂದಳು. ಆ ಶಬ್ದದ ಆಯುಸ್ಸು ಅಷ್ಟೇ. ಈಗ ಮನೆಯಲ್ಲಿ ಎಲೆಯದನ್ನು ಕೊಟ್ಟೆಯೆಂದೂ ಮತ್ತೊಂದನ್ನು ಬರಿಯ ಪ್ಲಾಸ್ಟಿಕ್ ಎಂದೂ ಹೇಳುವ ಅಭ್ಯಾಸವನ್ನು ಮಾಡಿಕೊಳ್ಳುತ್ತಿದ್ದೇವೆ. ಪೇಟೆಗೆ ಬಟ್ಟೆಯ ಚೀಲ ಹೋಗುತ್ತದೆ. ಹಾಲಿನ ಕೊಟ್ಟೆಗಳನ್ನು ತೊಳೆದು ಒಣಗಿಸಿ ಪಂಚಾಯತಿಯ ಗಾಡಿಗೆ ಕೊಡುವುದಕ್ಕೆ ಕೊಟ್ಟಿಗೆಯಲ್ಲಿ, ಕೆಂಪಿಯನ್ನು ಕಟ್ಟುತ್ತಿದ್ದ ಗೂಟಕ್ಕೆ, ಒಂದು ಗೋಣಿ ತೂಗುಹಾಕಿದೆ. ಹಾಲಿನ ಕೊಟ್ಟೆಗಳೆಂದೇ ಬರೆದುಬಿಟ್ಟೆವು, ನೋಡಿದಿರಾ. ನಾಲಿಗೆಯು ಹಾಗೆ ಬೇಗ ತಿರುಗುವುದಿಲ್ಲ.

ಮರುವರ್ಷದ ರಜೆಯಲ್ಲಿ ಮೊಮ್ಮಗಳು ಮತ್ತೆ ಬಂದಳು. ಚೌತಿಗೆ ಮಾಡುವ ಕಡುಬನ್ನು ಅವಳಿಗೋಸ್ಕರ ಬೇಸಗೆಯಲ್ಲಿಯೇ ಮಾಡಬೇಕೆಂದು ತಾಯಿಯವರು ಹಟ ಹಿಡಿದು, ಹಲಸಿನ ಎಲೆಗಳನ್ನು ತರಿಸಿ, ನಡುಗುವ ಕೈಯಿಂದ ಇಡೀ ಮಧ್ಯಾಹ್ನ ಕಡ್ಡಿ ಚುಚ್ಚಿದರು. ಒಲೆಯಲ್ಲಿ ನೀರು ಕುದಿಯತೊಡಗಿದಾಗ ಅವರು ಒಳಗಿನಿಂದ ಕೂಗಿದರು: “ಕೂಸೇ, ಆ ಕೊಟ್ಟೆ ತಾ.”

ಮಗುವು ನಡುಮನೆಯಲ್ಲಿ ನಿಂತಿತು. ಒಂದು ಕಡೆ ಮೊರದಲ್ಲಿ ಹಸುರು ಕೊಟ್ಟೆಗಳು. ಇನ್ನೊಂದು ಕಡೆ ಅವಳ ಅಪ್ಪನು ಬೆಂಗಳೂರಿನಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣಗಳು. ಅವಳು ಎರಡನ್ನೂ ನೋಡಿ, ಯಾವುದನ್ನೂ ಮುಟ್ಟದೆ, ಅಡುಗೆಮನೆಯ ಬಾಗಿಲಿಗೆ ಹೋಗಿ, ಮುದುಕಿಯ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು:

“ಯಾವ ಕೊಟ್ಟೆ?”